ಪೊಲೀಸರು, ಅಭಿಯೋಜಕರು, ವಕೀಲರು ಒಂದೇ ಕೊಠಡಿಯಲ್ಲಿ: ಹೊಸ ಅಪರಾಧ ಕಾನೂನುಗಳ ಪ್ರಾಯೋಗಿಕ ತರಬೇತಿಯೊಂದರ ವಿಮರ್ಶೆ

2024ರ ಜುಲೈ 1ರಂದು ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದ ಮೇಲೆ ತರಬೇತಿಗಳಿಗೇನೂ ಬರವಿಲ್ಲ. ವಕೀಲರ ಸಂಘಗಳು ಉಪನ್ಯಾಸಗಳನ್ನು ಏರ್ಪಡಿಸಿವೆ, ಪೊಲೀಸ್ ಇಲಾಖೆ ತನ್ನ ಅಧಿಕಾರಿಗಳನ್ನು ತಂಡ ತಂಡವಾಗಿ ಕರೆಸಿ ಪಾಠ ಹೇಳಿಸಿದೆ, ನ್ಯಾಯಾಂಗ ಅಕಾಡೆಮಿ ನ್ಯಾಯಾಧೀಶರಿಗೆ ತರಗತಿಗಳನ್ನು ನಡೆಸಿದೆ. ಆದರೆ ನಾನು ಕಂಡ ಮಟ್ಟಿಗೆ ಇವುಗಳಲ್ಲಿ ಬಹುಪಾಲು ಕಲಮುಗಳ ಹೋಲಿಕೆಯಲ್ಲೇ ಮುಗಿದುಹೋಗುತ್ತವೆ: ಕೊಲೆಗೆ ಹಿಂದೆ 302, ಈಗ 103, ವಂಚನೆಗೆ ಹಿಂದೆ 420, ಈಗ 318. ಈ ಪಟ್ಟಿ ಬಾಯಿಪಾಠವಾದರೂ, ಮರುದಿನ ಠಾಣೆಯಲ್ಲಿ ಕುಳಿತು ಮಹಜರು (ಸಾಕ್ಷಿಗಳ ಸಹಿಯಿರುವ ಸ್ಥಳ ಅಥವಾ ಜಪ್ತಿಯ ದಾಖಲೆ) ಬರೆಯುವವರಿಗೆ ಅಥವಾ ನ್ಯಾಯಾಲಯದಲ್ಲಿ ತನಿಖಾಧಿಕಾರಿಯನ್ನು ಪಾಟಿ ಸವಾಲಿಗೆ ಒಳಪಡಿಸುವವರಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ಇತ್ತೀಚೆಗೆ ನಾನು ಪಾಲ್ಗೊಂಡ ಶಿಬಿರವೊಂದು ಬೇರೆ ದಾರಿ ಹಿಡಿದಿದೆ. ಅದರ ಗುಣವನ್ನೂ ಕೊರತೆಯನ್ನೂ ವಿವರವಾಗಿ ಬರೆದರೆ, ಹಣ ಮತ್ತು ಸಮಯ ಕೊಟ್ಟು ಇಂತಹ ತರಬೇತಿಗೆ ಹೋಗಬೇಕೇ ಎಂದು ಯೋಚಿಸುತ್ತಿರುವ ಕ್ರಿಮಿನಲ್ ವಿಭಾಗದ ವಕೀಲರಿಗೆ, ನ್ಯಾಯಾಲಯದಲ್ಲಿ ಸರ್ಕಾರದ ಪರ ಪ್ರಕರಣ ನಡೆಸುವ ಸಹಾಯಕ ಸರ್ಕಾರಿ ಅಭಿಯೋಜಕರಿಗೆ ಮತ್ತು ಪೊಲೀಸ್ ಅಧಿಕಾರಿಗಳಿಗೆ ಅನುಕೂಲವಾದೀತು.

ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮುಂದೆ ಹೇಳುವ ಕೊರತೆಗಳು ಆ ಒಂದು ಸಂಸ್ಥೆಗೆ ಸೀಮಿತವಾದವುಗಳಲ್ಲ, ಹೆಸರಿನ ಸುತ್ತ ಚರ್ಚೆ ಬೆಳೆದರೆ ವಿಷಯ ಹಿಂದೆ ಸರಿಯುತ್ತದೆ. ವಾರದೊಳಗೆ ಮುಗಿಯುವ ಈ ವಸತಿ ಶಿಬಿರಕ್ಕೆ ಪೊಲೀಸ್ ಅಧಿಕಾರಿಗಳನ್ನೂ ಅಭಿಯೋಜಕರನ್ನೂ ಆಯಾ ಇಲಾಖೆಗಳೇ ನಿಯೋಜಿಸಿದ್ದವು. ವಕೀಲರಾದ ನಾವು ಸ್ವಂತ ಶುಲ್ಕ ಕಟ್ಟಿ ಹೋಗಿದ್ದೆವು. ವಸತಿ ಮತ್ತು ಊಟದ ವ್ಯವಸ್ಥೆ ಸಮರ್ಪಕವಾಗಿತ್ತು, ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಆರಂಭದ ದಿನ ನಿರಾಶೆಯೇ ಆಯಿತು. ಇಡೀ ಬೆಳಗು ಹೋಲಿಕೆ ಪಟ್ಟಿಗೆ ಮೀಸಲಾಗಿತ್ತು. ದಂಡ ಸಂಹಿತೆಯಲ್ಲಿ 511 ಕಲಮುಗಳಿದ್ದವು, ನ್ಯಾಯ ಸಂಹಿತೆಯಲ್ಲಿ 358 ಇವೆ; ದಂಡ ಪ್ರಕ್ರಿಯಾ ಸಂಹಿತೆಯ 484 ಕಲಮುಗಳ ಜಾಗಕ್ಕೆ 531 ಬಂದಿವೆ ಎಂಬ ಮಾಹಿತಿಯನ್ನು ತೆರೆಯ ಮೇಲೆ ನೋಡಲು ಯಾರೂ ಊರು ಬಿಟ್ಟು ಬರಬೇಕಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸಿದ್ಧಪಡಿಸಿರುವ ‘ಸಂಕಲನ್’ ಎಂಬ ಉಚಿತ ಆ್ಯಪ್‌ನಲ್ಲಿ ಹಳೆಯ ಮತ್ತು ಹೊಸ ಕಲಮುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಇಂಟರ್‌ನೆಟ್ ಇಲ್ಲದ ಹಳ್ಳಿಯ ಠಾಣೆಯಲ್ಲೂ ಅದು ತೆರೆದುಕೊಳ್ಳುತ್ತದೆ. ಸರ್ಕಾರಿ ನೌಕರರಿಗೆ ಐಗಾಟ್ ಕರ್ಮಯೋಗಿ ಜಾಲತಾಣದಲ್ಲಿ ಈ ಕಾಯ್ದೆಗಳ ಪಾಠಗಳು ದೊರೆಯುತ್ತವೆ. ಇವನ್ನು ಮನೆಯಲ್ಲೇ ಓದಿಕೊಂಡು ಬನ್ನಿ ಎಂದು ಸೂಚಿಸಿ, ಆ ಬೆಳಗನ್ನೂ ಅಭ್ಯಾಸಕ್ಕೆ ಉಳಿಸಿಕೊಂಡಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕಡತ ಕೈಗೆ ಬಂದ ಮೇಲೆ ಶಿಬಿರದ ಸ್ವರೂಪವೇ ಬದಲಾಯಿತು. ಅಭ್ಯಾಸಕ್ಕೆಂದು ಕಲ್ಪಿಸಿದ ಒಂದೇ ಪ್ರಕರಣವನ್ನು ಪ್ರಥಮ ವರ್ತಮಾನ ವರದಿಯಿಂದ (ಎಫ್‌ಐಆರ್) ತೀರ್ಪಿನವರೆಗೆ ಎಲ್ಲರೂ ಕೂಡಿ ನಡೆಸುವುದು ಇಲ್ಲಿನ ಕ್ರಮ. ಪ್ರತಿ ಮೇಜಿನಲ್ಲೂ ತನಿಖಾಧಿಕಾರಿ, ಅಭಿಯೋಜಕ ಮತ್ತು ವಕೀಲ ಒಟ್ಟಿಗೆ ಕೂರಬೇಕು. ಪ್ರಕರಣ ಮೇಲುನೋಟಕ್ಕೆ ಸಾಮಾನ್ಯವಾದದ್ದು: ತಾಲ್ಲೂಕು ಕೇಂದ್ರವೊಂದರ ಮನೆಯಲ್ಲಿ ರಾತ್ರಿ ಕಳವು, ಹೋದದ್ದು ಚಿನ್ನದ ಸರ ಮತ್ತು ಒಂದು ಮೊಬೈಲ್ ಫೋನ್. ಆದರೆ ಕಡತ ಸಿದ್ಧಪಡಿಸಿದವರು ಕೃತ್ಯವನ್ನು 2024ರ ಜೂನ್ 30 ಮತ್ತು ಜುಲೈ 1ರ ನಡುವಿನ ರಾತ್ರಿಗೆ ಇಟ್ಟಿದ್ದರು. ಪಿರ್ಯಾದುದಾರರು ರಾತ್ರಿ ಹತ್ತಕ್ಕೆ ಮಲಗಿದ್ದಾರೆ, ಬೆಳಗಿನ ಜಾವ ಎದ್ದು ನೋಡಿದಾಗ ಬೀರು ತೆರೆದಿದೆ. ದೂರು ದಾಖಲಾಗಿರುವುದು ಜುಲೈ 2ರಂದು. ಹಾಗಾದರೆ ಯಾವ ಕಾನೂನು ಅನ್ವಯವಾಗಬೇಕು?

ತನಿಖೆಯ ಕ್ರಮ ಹೊಸ ಸಂಹಿತೆಯಂತೆ ನಡೆಯಬೇಕು ಎಂಬುದರಲ್ಲಿ ನಮ್ಮ ಮೇಜಿನಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಶಿಕ್ಷೆಯ ಕಾನೂನನ್ನು ನಿರ್ಧರಿಸುವುದು ಮಾತ್ರ ಕೃತ್ಯ ನಡೆದ ಹೊತ್ತು. ಮಧ್ಯರಾತ್ರಿಗೆ ಮುಂಚೆ ನಡೆದಿದ್ದರೆ ದಂಡ ಸಂಹಿತೆಯ 457 ಮತ್ತು 380ನೇ ಕಲಮುಗಳು, ಆಮೇಲೆ ನಡೆದಿದ್ದರೆ ನ್ಯಾಯ ಸಂಹಿತೆಯ 331 ಮತ್ತು 305ನೇ ಕಲಮುಗಳು. ಕಡತದಲ್ಲಿ ಇದಕ್ಕೆ ಇದ್ದ ಏಕೈಕ ಆಧಾರವೆಂದರೆ ಎದುರು ಮನೆಯ ಸಿಸಿ ಕ್ಯಾಮೆರಾದ ದೃಶ್ಯ. ಅದರಲ್ಲಿ ಒಬ್ಬ ವ್ಯಕ್ತಿ ಕಾಂಪೌಂಡ್ ಹಾರುವಾಗ ಪರದೆಯ ಮೂಲೆಯಲ್ಲಿ 12 ಗಂಟೆ 10 ನಿಮಿಷ ಎಂದು ಕಾಣಿಸುತ್ತದೆ. ಬಹುತೇಕ ಮೇಜುಗಳು ಇದನ್ನು ಒಪ್ಪಿಕೊಂಡು ಹೊಸ ಸಂಹಿತೆಯ ಕಲಮುಗಳನ್ನು ಬರೆದವು. ಆಗ ತರಬೇತುದಾರರು ಆ ದೃಶ್ಯವನ್ನು ದಾಖಲಿಸಿದ ಡಿವಿಆರ್ ಯಂತ್ರವನ್ನೇ ತಂದು ನಮ್ಮ ಮುಂದಿಟ್ಟು, ಅದರ ಗಡಿಯಾರವನ್ನೂ ನಮ್ಮ ಕೈಗಡಿಯಾರಗಳನ್ನೂ ಹೋಲಿಸಿ ನೋಡುವಂತೆ ಹೇಳಿದರು. ಯಂತ್ರ ಇಪ್ಪತ್ತು ನಿಮಿಷ ಮುಂದಿತ್ತು. ಅಂದರೆ ಆ ವ್ಯಕ್ತಿ ಕಾಂಪೌಂಡ್ ಹಾರಿದ್ದು ರಾತ್ರಿ 11 ಗಂಟೆ 50 ನಿಮಿಷಕ್ಕೆ, ಹಳೆಯ ಕಾನೂನು ಇನ್ನೂ ಜೀವಂತವಾಗಿದ್ದ ಹತ್ತು ನಿಮಿಷಗಳಲ್ಲಿ. ಅವನು ಮನೆಯೊಳಗೆ ಹೊಕ್ಕ ಹೊತ್ತು, ಕೈಗೆ ಒಡವೆ ಸಿಕ್ಕ ಹೊತ್ತು ಯಾವುವು ಎಂಬ ಪ್ರಶ್ನೆಗಳು ಆ ನಂತರ ಎದ್ದವು. ಪರ್ಯಾಯ ದೋಷಾರೋಪ, ಅಂದರೆ ಇದಲ್ಲದಿದ್ದರೆ ಅದು ಎಂಬಂತೆ ಎರಡೂ ಕಾನೂನಿನ ಆರೋಪ, ಹೊರಿಸಬಹುದೇ ಎಂಬ ಚರ್ಚೆ ಅಭಿಯೋಜಕರ ನಡುವೆ ಬಹಳ ಹೊತ್ತು ನಡೆಯಿತು.

ಡಿವಿಆರ್ ವಶಪಡಿಸಿಕೊಳ್ಳುವಾಗ ಅದರ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಇರುವ ವ್ಯತ್ಯಾಸವನ್ನು ಮಹಜರಿನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಬೇಕು ಎಂಬುದನ್ನು ನೂರು ಉಪನ್ಯಾಸಗಳಲ್ಲಿ ಹೇಳಿರಬಹುದು. ಆ ಒಂದು ಸಾಲು ಇಲ್ಲದಿದ್ದರೆ ಪ್ರಕರಣದ ಅಡಿಪಾಯವೇ ಅಲುಗಾಡುತ್ತದೆ ಎಂದು ತನಿಖಾಧಿಕಾರಿಗೂ ಅಭಿಯೋಜಕರಿಗೂ ಆರೋಪಿಯ ವಕೀಲರಿಗೂ ಒಂದೇ ಕ್ಷಣದಲ್ಲಿ ಮನವರಿಕೆಯಾದದ್ದನ್ನು ನಾನು ನೋಡಿದ್ದು ಇಲ್ಲಿಯೇ. ಈ ಅಭ್ಯಾಸವೊಂದಕ್ಕೇ ನಾನು ಕೊಟ್ಟ ಶುಲ್ಕ ಸಂದಿತು.

ಇಷ್ಟೇ ಮೌಲ್ಯಯುತವಾದ ಇನ್ನೊಂದು ಅಭ್ಯಾಸ ಶೋಧನೆ ಮತ್ತು ಜಪ್ತಿಯದು. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ, ಜಪ್ತಿ, ಜಪ್ತಿಯಾದ ವಸ್ತುಗಳ ಪಟ್ಟಿ ತಯಾರಿಸುವುದು ಮತ್ತು ಆ ಪಟ್ಟಿಗೆ ಸಾಕ್ಷಿಗಳು ಸಹಿ ಹಾಕುವುದು ಇಷ್ಟನ್ನೂ ಧ್ವನಿ ಸಹಿತ ವಿಡಿಯೊ ಮಾಡಬೇಕು, ತಡಮಾಡದೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ವಿಡಿಯೊ ಮಾಡಲು ಮೊಬೈಲ್ ಫೋನ್ ಸಾಕು. ಕೊಠಡಿಯೊಂದನ್ನು ಬಾಡಿಗೆ ಮನೆಯಂತೆ ಜೋಡಿಸಿ, ಆರೋಪಿ ತೋರಿಸಿಕೊಟ್ಟ ಜಾಗದಿಂದ ಸರ ಮತ್ತು ಫೋನನ್ನು ಜಪ್ತಿ ಮಾಡುವ ಕೆಲಸವನ್ನು ಪ್ರತಿ ತಂಡಕ್ಕೂ ಕೊಟ್ಟರು. ನಮ್ಮ ತಂಡದ ಸಬ್ ಇನ್‌ಸ್ಪೆಕ್ಟರ್ ಅನುಭವಸ್ಥರು. ಅಕ್ಕಿ ಡಬ್ಬಿಯಿಂದ ಸರ ಹೊರಬರುವವರೆಗೆ ಚಿತ್ರೀಕರಣ ಅಚ್ಚುಕಟ್ಟಾಗಿ ನಡೆಯಿತು. ವಸ್ತು ಸಿಕ್ಕ ಕೂಡಲೇ ಪೇದೆಯ ಪಾತ್ರದಲ್ಲಿ ಫೋನ್ ಹಿಡಿದಿದ್ದವರು ಅದನ್ನು ಜೇಬಿಗಿಳಿಸಿ, ತೂಕದ ಯಂತ್ರ ಜೋಡಿಸಲು ಕೈ ಹಾಕಿದರು. ತೂಕ, ಪಟ್ಟಿ, ಪ್ಯಾಕಿಂಗ್, ಅರಗಿನ ಮೊಹರು, ಪಂಚರ (ಜಪ್ತಿಯ ಸಾಕ್ಷಿಗಳ) ಸಹಿ ಎಲ್ಲವೂ ಕ್ಯಾಮೆರಾದ ಕಣ್ಣಿಗೆ ಬೀಳದೆ ನಡೆದವು. ಎರಡು ದಿನದ ನಂತರದ ಅಣಕು ವಿಚಾರಣೆಯಲ್ಲಿ ಅದೇ ವಿಡಿಯೊವನ್ನು ತೆರೆಯ ಮೇಲೆ ಹಾಕಿ, ಆರೋಪಿಯ ಪರವಾಗಿ ನಿಂತಿದ್ದ ನಾನು ಪಂಚರನ್ನು ಕೇಳಿದ್ದು ಒಂದೇ ಪ್ರಶ್ನೆ: ನೀವು ಸಹಿ ಹಾಕಿದ್ದು ಆ ಮನೆಯಲ್ಲೋ, ಠಾಣೆಯಲ್ಲೋ? ಹಳೆಯ ಕಾಲದ ಪ್ರತಿಯೊಂದು ಮಹಜರಿಗೂ ಎದುರಾಗುತ್ತಿದ್ದ ಈ ಪ್ರಶ್ನೆಗೆ ಹೊಸ ಕಾನೂನು ಉತ್ತರ ಸಿದ್ಧಪಡಿಸಿ ಕೊಟ್ಟಿದೆ, ಆದರೆ ಕೊನೆಯ ಸಹಿಯವರೆಗೆ ಫೋನ್ ಕೆಳಗಿಳಿಸದಿದ್ದರೆ ಮಾತ್ರ. ಆ ಸಬ್ ಇನ್‌ಸ್ಪೆಕ್ಟರ್ ಕಟಕಟೆಯಿಂದ ಇಳಿದ ಮೇಲೆ ನನ್ನ ಬಳಿ ಬಂದು, “ಮೇಡಂ, ಇನ್ನು ಮುಂದೆ ಫೋನ್ ಹಿಡಿಯೋಕೆ ಬೇರೆ ಒಬ್ಬರನ್ನೇ ಕರ್ಕೊಂಡು ಹೋಗ್ತೀನಿ, ಅವರಿಗೆ ಬೇರೆ ಕೆಲಸ ಹೇಳಲ್ಲ” ಎಂದರು. ಅವರ ಮಾತಿನಲ್ಲಿ ಬೇಸರವಿರಲಿಲ್ಲ. ಪ್ರಕರಣ ಬಿದ್ದುಹೋದ ಮೇಲೆ ತೀರ್ಪಿನ ಪ್ರತಿಯಲ್ಲಿ ತನ್ನ ಲೋಪವನ್ನು ಓದಿಕೊಳ್ಳುವುದಕ್ಕಿಂತ, ಎದುರು ಪಕ್ಷದ ವಕೀಲರಿಂದಲೇ ತರಬೇತಿ ಕೊಠಡಿಯಲ್ಲಿ ಕೇಳಿಸಿಕೊಳ್ಳುವುದು ಎಷ್ಟೋ ಮೇಲು ಎಂದು ಅವರಿಗೆ ಅನ್ನಿಸಿರಬೇಕು.

ಈ ಶಿಬಿರದ ನಿಜವಾದ ಬಲ ಇರುವುದೂ ಅಲ್ಲಿಯೇ. ನಮ್ಮಲ್ಲಿ ಪೊಲೀಸರು ಪೊಲೀಸರಿಂದ, ನ್ಯಾಯಾಧೀಶರು ನ್ಯಾಯಾಧೀಶರಿಂದ, ವಕೀಲರು ವಕೀಲರಿಂದ ಕಲಿಯುವುದು ರೂಢಿ. ಒಬ್ಬರ ಕೆಲಸದ ತೊಡಕು ಇನ್ನೊಬ್ಬರಿಗೆ ತಿಳಿಯುವುದು ವಿಚಾರಣೆಯ ದಿನ, ಆಗ ಯಾವುದನ್ನೂ ಸರಿಪಡಿಸಲು ಬರುವುದಿಲ್ಲ. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆ ಎಂದು ನಾವು ದೊಡ್ಡದಾಗಿ ಹೇಳುವುದು ಕೊನೆಗೆ ಠಾಣೆಯ, ಅಭಿಯೋಜನಾ ಕಚೇರಿಯ ಮತ್ತು ನ್ಯಾಯಾಲಯದ ದಿನನಿತ್ಯದ ಅಭ್ಯಾಸಗಳಲ್ಲಿ ಕಾಣಿಸಿಕೊಳ್ಳಬೇಕು. ಆ ಅಭ್ಯಾಸಗಳು ಬದಲಾಗಬೇಕಾದರೆ ಈ ಮೂವರೂ ಒಂದೇ ಕಡತದ ಮೇಲೆ ಕೈಯಿಡಬೇಕು.

ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರದ ಪಾಠವೂ ಹೀಗೆಯೇ ಕೈಯಾರೆ ಮಾಡಿ ಕಲಿಯುವಂತಿತ್ತು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ನಮೂನೆ ಬಂದಿದೆ. ಅದರಲ್ಲಿ ಎ ಮತ್ತು ಬಿ ಎಂಬ ಎರಡು ಭಾಗಗಳಿವೆ. ಮೊದಲನೆಯದನ್ನು ಸಾಕ್ಷ್ಯ ಹಾಜರುಪಡಿಸುವ ಪಕ್ಷಕಾರರೂ ಎರಡನೆಯದನ್ನು ತಜ್ಞರೂ ತುಂಬಬೇಕು, ಎರಡರಲ್ಲೂ ವಿದ್ಯುನ್ಮಾನ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಅದರ ಡಿಜಿಟಲ್ ಬೆರಳಚ್ಚಿನಂತಹ ಸಾಲನ್ನು, ನಮೂದಿಸಬೇಕು. ಹ್ಯಾಶ್ ಎಂದರೇನು ಎಂದು ವಿವರಿಸಲು ತರಬೇತುದಾರರು ಹೆಚ್ಚು ಮಾತಾಡಲಿಲ್ಲ. ಪಠ್ಯ ಕಡತವೊಂದರ ಎಸ್‌ಎಚ್‌ಎ 256 ಮೌಲ್ಯವನ್ನು ನಮ್ಮಿಂದಲೇ ತೆಗೆಸಿದರು, ಅರವತ್ತನಾಲ್ಕು ಅಕ್ಷರ ಮತ್ತು ಅಂಕಿಗಳ ಸಾಲು ಬಂತು. ಅದೇ ಕಡತದಲ್ಲಿ ಎರಡು ಪದಗಳ ನಡುವೆ ಒಂದು ಖಾಲಿ ಜಾಗ ಹೆಚ್ಚಿಸಿ ಮತ್ತೆ ತೆಗೆಯಲು ಹೇಳಿದರು. ಹಿಂದಿನ ಸಾಲಿನ ಗುರುತೇ ಸಿಗದಷ್ಟು ಬೇರೆಯಾದ ಸಾಲು ಬಂತು. ಅಲ್ಲಿಂದ ಚರ್ಚೆ ತಾನಾಗಿಯೇ ಮುಂದಿನ ಪ್ರಶ್ನೆಗೆ ಹೊರಳಿತು: ಸಿಸಿ ಕ್ಯಾಮೆರಾ ಇರುವುದು ಎದುರು ಮನೆಯ ವೃದ್ಧರದ್ದು, ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಎ ಭಾಗದಲ್ಲಿ ಈ ಅರವತ್ತನಾಲ್ಕು ಅಕ್ಷರಗಳಿಗೆ ಸಹಿ ಹಾಕುವವರು ಯಾರು, ಅವರನ್ನು ನಾಳೆ ಪಾಟಿ ಸವಾಲಿಗೆ ಒಳಪಡಿಸಿದರೆ ಏನು ಹೇಳುತ್ತಾರೆ? ಹ್ಯಾಶ್ ಮೌಲ್ಯವನ್ನು ಕೈಯಲ್ಲಿ ನಕಲು ಮಾಡದೆ ಅಚ್ಚು ಹಾಕಿಸಬೇಕು, ಅದನ್ನು ತೆಗೆದದ್ದು ವೃದ್ಧರ ಎದುರಿಗೇ ಆಗಿರಬೇಕು, ಆ ಸಂಗತಿ ಮಹಜರಿನಲ್ಲೂ ವಿಡಿಯೊದಲ್ಲೂ ಇರಬೇಕು ಎಂಬಲ್ಲಿಗೆ ನಮ್ಮ ಮೇಜು ಬಂದು ನಿಂತಿತು. ಪಠ್ಯಪುಸ್ತಕದಲ್ಲಿ ಇಂತಹ ಉತ್ತರ ಬರೆದಿರುವುದಿಲ್ಲ.

ವಿಚಾರಣಾಧೀನ ಕೈದಿಗಳ ಬಿಡುಗಡೆಯ ಬಗ್ಗೆ ನಡೆದ ಅಭ್ಯಾಸವನ್ನು ನಾನು ವಿಶೇಷವಾಗಿ ಮೆಚ್ಚಿದೆ. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ಜೈಲಿನಲ್ಲಿ ಕಳೆದ ವಿಚಾರಣಾಧೀನ ಕೈದಿಗೆ ಜಾಮೀನಿನ ಬಿಡುಗಡೆಯ ದಾರಿ ತೋರಿಸುತ್ತದೆ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಈ ಅವಕಾಶ ಹೊಸ ಕಾನೂನಿಗೆ ಮುಂಚಿನ ಪ್ರಕರಣಗಳ ಕೈದಿಗಳಿಗೂ ದೊರೆಯಬೇಕೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಶಿಬಿರದಲ್ಲಿ ನಮಗೆ ಕಾಲ್ಪನಿಕ ಜೈಲು ದಾಖಲೆಯ ಪುಟಗಳನ್ನು ಕೊಟ್ಟು, ಯಾರು ಅರ್ಹರು ಎಂದು ಲೆಕ್ಕ ಹಾಕಿಸಿದರು. ವಾಸದ ಮನೆಯಲ್ಲಿ ಕಳವು ಮಾಡಿದ ಆರೋಪಕ್ಕೆ ಏಳು ವರ್ಷದ ಶಿಕ್ಷೆಯಾದರೆ ಮೂರನೇ ಒಂದು ಭಾಗ ಎರಡು ವರ್ಷ ನಾಲ್ಕು ತಿಂಗಳು. ಇಲ್ಲಿಯವರೆಗೆ ಬರಿಯ ಗಣಿತ. ಆದರೆ ಒಬ್ಬನ ಹೆಸರಿನ ಮುಂದೆ ‘ಹಿಂದಿನ ಪ್ರಕರಣ: 1’ ಎಂದು ಬರೆದಿತ್ತು, ಅದನ್ನು ನೋಡಿ ಅನೇಕರು ಅವನನ್ನು ಅರ್ಧ ಅವಧಿಯ ಪಟ್ಟಿಗೆ ಸೇರಿಸಿದರು. ಆ ಪ್ರಕರಣ ಖುಲಾಸೆಯಾಗಿತ್ತು ಎಂಬುದು ಮುಂದಿನ ಪುಟದಲ್ಲಿತ್ತು. ಕಾನೂನು ಕೇಳುವುದು ಹಿಂದೆ ಶಿಕ್ಷೆಯಾಗಿದೆಯೇ ಎಂದು. ಪ್ರಕರಣ ದಾಖಲಾಗಿತ್ತೇ ಎಂದು ಕೇಳುವುದಿಲ್ಲ. ಇನ್ನೊಬ್ಬನ ಮೇಲೆ ಬೇರೆ ಪ್ರಕರಣಗಳೂ ಬಾಕಿ ಇದ್ದು, ಅದೇ ಕಲಮಿನ ಎರಡನೇ ಉಪಕಲಮು ಅವನ ದಾರಿಗೆ ಅಡ್ಡ ಬರುತ್ತಿತ್ತು. ಅರ್ಜಿ ಸಲ್ಲಿಸುವ ಹೊಣೆಯನ್ನು ಕಾನೂನು ಜೈಲು ಅಧೀಕ್ಷಕರ ಮೇಲೆ ಹೊರಿಸಿದೆ. ಹೀಗಿದ್ದೂ ಜೈಲು ಇಲಾಖೆಯ ಒಬ್ಬರೂ ಈ ಶಿಬಿರದಲ್ಲಿ ಇರಲಿಲ್ಲ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಹೆಚ್ಚಾಗಿ ಒಳಗೆ ಕೊಳೆಯುವುದು ಯಾರದೋ ಕ್ರೌರ್ಯದಿಂದಲೇ ಆಗಬೇಕೆಂದಿಲ್ಲ, ಒಂದು ಕಾಲಂ ಅನ್ನು ತಪ್ಪಾಗಿ ಓದಿದರೂ ಸಾಕು. ಹಾಗಾಗಿ ಆ ಗೈರುಹಾಜರಿಯನ್ನು ನಾನು ಸಣ್ಣದೆಂದು ಎಣಿಸಲಾರೆ.

ಕೊರತೆಗಳ ವಿಷಯಕ್ಕೆ ಬಂದಾಗ ಮೊದಲು ಹೇಳಬೇಕಾದದ್ದು ಭಾಷೆ. ನಮ್ಮ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ದೂರು, ಮಹಜರು, ಸಾಕ್ಷಿಗಳ ಹೇಳಿಕೆ ಎಲ್ಲವೂ ಕನ್ನಡದಲ್ಲಿ ಇರುತ್ತವೆ. ಶಿಬಿರದ ಕೈಪಿಡಿ ಮಾತ್ರ ಸಂಪೂರ್ಣ ಇಂಗ್ಲಿಷ್. ಅಭ್ಯಾಸದ ಕಡತದ ಮಹಜರನ್ನು ಕನ್ನಡದಲ್ಲಿ ಬರೆಯಲು ಒಪ್ಪಿಗೆ ಸಿಕ್ಕಿದ್ದು ಭಾಗವಹಿಸಿದವರು ಒತ್ತಾಯಿಸಿದ ಮೇಲೆ. ಹೊಸ ಕಾನೂನಿನಂತೆ ತಯಾರಾದ ಮಾದರಿ ಮಹಜರು, ಮಾದರಿ ನೋಟಿಸು, ಮಾದರಿ ಪ್ರಮಾಣಪತ್ರ ಇವು ಕನ್ನಡದಲ್ಲಿ ದೊರೆತಿದ್ದರೆ, ಆ ಕಾಗದಗಳು ಮರುವಾರವೇ ಠಾಣೆಗಳಲ್ಲಿ ಬಳಕೆಗೆ ಬರುತ್ತಿದ್ದವು.

ಠಾಣೆಯಲ್ಲಿ ನಿಜವಾಗಿ ಬರೆಯುವವರು ಯಾರೆಂದು ಕ್ರಿಮಿನಲ್ ಕೆಲಸ ಬಲ್ಲ ಎಲ್ಲರಿಗೂ ಗೊತ್ತು. ಠಾಣೆಯ ರೈಟರ್, ನ್ಯಾಯಾಲಯದ ಕೆಲಸ ನೋಡುವ ಪೇದೆ, ಮುದ್ದೆಮಾಲಿನ (ಜಪ್ತಿಯಾದ ವಸ್ತುಗಳ) ಹೊಣೆ ಹೊತ್ತ ಹೆಡ್ ಕಾನ್‌ಸ್ಟೆಬಲ್ ಇವರನ್ನು ಬಿಟ್ಟು ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್‌ಗಳಿಗೆ ಮಾತ್ರ ಕಲಿಸಿದರೆ ಪಾಠ ಅರ್ಧ ದಾರಿಯಲ್ಲೇ ಉಳಿಯುತ್ತದೆ. ಮ್ಯಾಜಿಸ್ಟ್ರೇಟರೂ ಇರಲಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯದ ದೃಷ್ಟಿಯಿಂದ ಅವರು ಪೊಲೀಸರೊಂದಿಗೆ ಕೂತು ಕಲಿಯಲು ಹಿಂಜರಿಯುವುದು ಸಹಜವೇ. ಆದರೆ ನಿವೃತ್ತ ನ್ಯಾಯಾಧೀಶರೊಬ್ಬರನ್ನು ಅಣಕು ವಿಚಾರಣೆಗೆ ಕರೆತರಬಹುದಿತ್ತು. ತರಬೇತುದಾರರೇ ಪೀಠದಲ್ಲಿ ಕುಳಿತಾಗ ಆದೇಶಗಳು ಪಾಠದ ಧಾಟಿಯಲ್ಲಿ ಬರುತ್ತಿದ್ದವು.

ಆರೋಪಿಯ ಪರ ವಕೀಲರ ಸಂಖ್ಯೆಯೂ ಕಡಿಮೆಯಿತ್ತು, ಕಾನೂನು ಸೇವಾ ಪ್ರಾಧಿಕಾರದ ಕಾನೂನು ನೆರವು ಅಭಿರಕ್ಷಕರನ್ನು ಕರೆದಿರಲಿಲ್ಲ. ಬಡ ಆರೋಪಿಗಳ ಪರವಾಗಿ ನಿತ್ಯ ನಿಲ್ಲುವವರು ಅವರು. ಬಂಧನದ ಪಾಠದಲ್ಲಿ ಇದರ ಪರಿಣಾಮ ಕಂಡಿತು. ಬಂಧಿಸದೆ ಹಾಜರಾಗಲು ಹೇಳುವ, ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ನೋಟಿಸು, ಅನಗತ್ಯ ಬಂಧನ ತಡೆಯಲು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ನಿರ್ದೇಶನಗಳು, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅಶಕ್ತರನ್ನು ಅಥವಾ ಅರವತ್ತು ದಾಟಿದವರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕೆಂಬ ಹೊಸ ನಿಯಮ ಇವೆಲ್ಲವನ್ನೂ ಹೇಳಿದರು, ಆದರೆ ಹೇಳಿಯೇ ಮುಗಿಸಿದರು. ಬಂಧನದ ಕಾರಣಗಳನ್ನು ಬರೆಯುವ ಅಭ್ಯಾಸ ಮಾಡಿಸಲಿಲ್ಲ. ಅಚ್ಚು ಹಾಕಿದ ಕಾರಣಗಳ ಪಟ್ಟಿಗೆ ಗುರುತು ಹಾಕಿ ರಿಮಾಂಡ್ ಅರ್ಜಿಯೊಂದಿಗೆ ಕಳುಹಿಸುವ ರೂಢಿ ಇಂತಹ ಕಡೆಯೇ ಮುರಿಯಬೇಕಾಗಿತ್ತು.

ನೊಂದವರ ವಿಷಯದಲ್ಲೂ ಶಿಬಿರ ಅವಸರ ಮಾಡಿತು. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ಪಿರ್ಯಾದುದಾರರಿಗೆ ಅಥವಾ ನೊಂದವರಿಗೆ ತಿಳಿಸಬೇಕು ಎಂಬ ನಿಯಮ ತೆರೆಯ ಮೇಲೆ ಬಂದು ಹೋಯಿತು. ನಮ್ಮ ಕಡತದ ಮನೆಯವರಿಗೆ ಅಂತಹ ಪತ್ರವೊಂದನ್ನು ಬರೆಸಿದ್ದರೆ, ತನಿಖೆಗೆ ಧಕ್ಕೆಯಾಗದಂತೆ ಎಷ್ಟು ಹೇಳಬಹುದು ಎಂಬ ಸೂಕ್ಷ್ಮ ಎಲ್ಲರಿಗೂ ತಿಳಿಯುತ್ತಿತ್ತು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ, ಅದೇ ಸಂಹಿತೆಯ 176ನೇ ಕಲಮಿನ ನಿಯಮವನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ತಜ್ಞರು ತಲುಪುವವರೆಗೆ ಸ್ಥಳವನ್ನು ಕಾಯುವುದು ಹೇಗೆ ಎಂಬ ಪಾಠ ಚಿಕ್ಕದಾದರೂ ಚೆನ್ನಾಗಿತ್ತು. ಬೆರಳಚ್ಚು ಎತ್ತುವ ಪ್ರಾತ್ಯಕ್ಷಿಕೆಯನ್ನು ದೂರದಿಂದ ನೋಡಿದ್ದಷ್ಟೇ, ಕೈಗೆ ಬ್ರಷ್ ಸಿಗಲಿಲ್ಲ.

ಶಿಬಿರ ಮುಗಿದ ಮೇಲೆ ಸಂಸ್ಥೆಯಿಂದ ಪ್ರಮಾಣಪತ್ರ ಬಂತು, ಬೇರೇನೂ ಬರಲಿಲ್ಲ. ಭಾಗವಹಿಸಿದವರು ಮುಂದೆ ಬರೆದ ಒಂದೆರಡು ಮಹಜರುಗಳನ್ನು ಹೆಸರು ಅಳಿಸಿ ತರಿಸಿಕೊಂಡು ಪರಿಶೀಲಿಸಿದರೆ, ತರಬೇತಿ ನೆಲಕ್ಕೆ ಇಳಿದಿದೆಯೇ ಎಂಬುದು ಸಂಸ್ಥೆಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ.

ಇಷ್ಟೆಲ್ಲ ಕೊರತೆಗಳ ನಡುವೆಯೂ, ಕ್ರಿಮಿನಲ್ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿರುವ ವಕೀಲರಿಗೂ ಅಭಿಯೋಜಕರಿಗೂ ಈ ಬಗೆಯ ತರಬೇತಿಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಈಗಷ್ಟೇ ಸನ್ನದು ಪಡೆದವರು ಮೊದಲು ಮೂಲ ಕಾಯ್ದೆಗಳನ್ನು ಓದಿಕೊಂಡು, ಹಿರಿಯರೊಂದಿಗೆ ಒಂದೆರಡು ಪೂರ್ಣ ವಿಚಾರಣೆಗಳನ್ನು ನೋಡಿದ ಮೇಲೆ ಹೋಗುವುದು ಒಳ್ಳೆಯದು, ಇಲ್ಲದಿದ್ದರೆ ಮೇಜಿನ ಚರ್ಚೆ ಅವರ ಕೈಗೆ ಎಟುಕುವುದಿಲ್ಲ. ಹೆಸರು ನೋಂದಾಯಿಸುವ ಮುನ್ನ ಆಯೋಜಕರನ್ನು ಮೂರು ವಿಷಯ ಕೇಳಿ: ಪೊಲೀಸರು, ಅಭಿಯೋಜಕರು ಮತ್ತು ಆರೋಪಿಯ ಪರ ವಕೀಲರು ಒಂದೇ ಮೇಜಿನಲ್ಲಿ ಕೂರುತ್ತಾರೆಯೇ, ಅಭ್ಯಾಸದ ಕಡತ ಕನ್ನಡದಲ್ಲಿ ಇದೆಯೇ, ಜಪ್ತಿಯನ್ನು ನಮ್ಮ ಕೈಯಿಂದಲೇ ಮಾಡಿಸಿ ಅದೇ ವಿಡಿಯೊದ ಮೇಲೆ ಪಾಟಿ ಸವಾಲು ನಡೆಸುತ್ತಾರೆಯೇ. ಮೂರಕ್ಕೂ ಹೌದೆಂಬ ಉತ್ತರ ಬಂದರೆ ಶುಲ್ಕ ಕಟ್ಟಲು ಹಿಂಜರಿಯಬೇಡಿ. ಸಾಧ್ಯವಾದರೆ ನಿಮ್ಮ ತಾಲ್ಲೂಕಿನ ಅಭಿಯೋಜಕರನ್ನೂ ಠಾಣಾಧಿಕಾರಿಯನ್ನೂ ಅದೇ ತಂಡಕ್ಕೆ ನಿಯೋಜಿಸುವಂತೆ ಅವರ ಮೇಲಧಿಕಾರಿಗಳಿಗೆ ವಕೀಲರ ಸಂಘದ ಮೂಲಕ ಮನವಿ ಕೊಡಿಸಿ.